ಕೆಂಪಾದ ಸುಣ್ಣದ ಗೆರೆ

"ಟಾರ್ಚ್ ಇನ್ನಾ ಸ್ವಲ್ಪ ಕೆಳಗ ಹಿಡಿಯಪಾ," ಎಂದೆ.

ಕುಶಲ ಹಿಡಿದ. ಬೆಳಕು ಜೀಪಿನ ಮುಂದಿನ ಎಡ ಗಾಲಿಯ ಹಿಂಬದಿಗೆ ಬಿತ್ತು. ನಾನು ಅದರ ಕೆಳಗೆ ಅಂಗಾತ ಮಲಗಿದ್ದೆ. ಬೆನ್ನಿಗೆ ಗೋಣಿಚೀಲ, ಅದರ ಕೆಳಗೆ ತಳೇಗಾಂವದ ಪೊಲೀಸ್ ಚೌಕಿಯ ಅಂಗಳದ ಜಲ್ಲಿಕಲ್ಲು. ಐವತ್ಮೂರು ವರ್ಷದ ಮನುಷ್ಯ ಹೀಗೆಲ್ಲ ಮಲಗಬಾರದು. ವಿಮಾ ಕಂಪನಿಯವರು ನನ್ನನ್ನು ಸರ್ವೇಯರ್ ಧರ್ಮಣ್ಣ ಎನ್ನುತ್ತಾರೆ. ಕೋಥರೂಡದ ಮನೆಯಲ್ಲಿ ಹೆಂಡತಿ ಮಾತ್ರ ಗುಜರಿ ನೋಡುವವನು ಎನ್ನುತ್ತಾಳೆ, ಆ ಹೊತ್ತು ಅವಳ ಮಾತೇ ಸರಿಯಿತ್ತು.

ಒಂಬತ್ತು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಪವನಾ ಕೆರೆಯ ಕಡೆಗೆ ಇಳಿಯುವ ಘಾಟಿನಲ್ಲಿ ಈ ಜೀಪು ಎರಡನೆಯ ತಿರುವಿಗೆ ತಿರುಗದೆ ನೇರವಾಗಿ ಹೋಗಿತ್ತು. ಒಳಗಿದ್ದು ಸತ್ತವನು ಅದರ ಒಡೆಯ ಮಾಂತು ಒಬ್ಬನೇ. ಮೂವತ್ತೊಂದು ವರ್ಷ. ಜೀಪಿನ ಬ್ರೇಕು ಬದಲಿಸಿದವನು ಅವನ ಮಾವ ಸಿದ್ರಾಮಪ್ಪ. ಸಿದ್ರಾಮಪ್ಪನ ಮೇಲೆ ದೂರು ಕೊಟ್ಟವಳು ಅವನ ಒಬ್ಬಳೇ ಮಗಳು, ಮಾಂತುವಿನ ಹೆಂಡತಿ, ರೇಣು.

ನನ್ನ ವರದಿ ನಾಳೆ ಹೋಗಬೇಕಿತ್ತು. ಬ್ರೇಕಿನ ಕೆಲಸ ಕೆಟ್ಟಿತ್ತು ಎಂದು ನಾನು ಬರೆದರೆ ಮುದುಕ ಜೈಲಿಗೆ ಹೋಗುತ್ತಾನೆ. ಅದು ಹೇಗೋ ಮುಗಿದುಹೋಗುವ ಮಾತು. ಆದರೆ ಗಂಡನನ್ನು ಕೊಂದದ್ದು ಅಪ್ಪನ ಕೈಯೇ ಎಂದು ಮಗಳ ಮನಸ್ಸಿನಲ್ಲಿ ಒಮ್ಮೆ ಕೂತರೆ ಅದಕ್ಕೆ ಬಿಡುಗಡೆಯ ದಿನವೇ ಇಲ್ಲ. ನನ್ನ ನಿದ್ದೆಗೆಡಿಸಿದ್ದು ಅದು.

ಜೀಪು ಹಳೆಯದು, ಮಿಲಿಟರಿಯ ಹರಾಜಿನಲ್ಲಿ ಬಂದದ್ದು. ಮೊದಲು ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು ಇತ್ತು. ನೀರು ಹೊಕ್ಕರೆ ಆ ಡ್ರಮ್ಮು ಹಿಡಿಯುವುದಿಲ್ಲ, ಹಿಡಿದರೂ ಎರಡೆರಡು ಸಲ ಪೆಡಲು ಒತ್ತಬೇಕು. ಸಿದ್ರಾಮಪ್ಪ ಹಿಂದಿನ ಎರಡನ್ನು ಹಾಗೇ ಬಿಟ್ಟು, ಮುಂದಿನ ಎರಡು ಗಾಲಿಗೆ ಹೊಸ ಮಾದರಿಯ ಜೀಪಿನ ಡಿಸ್ಕ್ ಕೂಡಿಸಿದ್ದ. ಗಾಲಿಯ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರ್, ಬ್ರೇಕಿನ ಎಣ್ಣೆ ನೂಕುವ ಹೊಸ ಮಾಸ್ಟರ್ ಸಿಲಿಂಡರ್, ಕಾಲಿಗೆ ಬಲ ಕೊಡುವ ಬೂಸ್ಟರ್. ಆ ಹೊಸ ಸಾಮಾನನ್ನು ಹಳೆ ಗಾಡಿಗೆ ಒಗ್ಗಿಸಿದ ರೀತಿ ನೋಡಿದರೆ ಹೊಟ್ಟೆಕಿಚ್ಚು ಬರುವಂತಿತ್ತು. ಒಂದು ಪೈಪೂ ಎಲ್ಲಿಯೂ ಉಜ್ಜುತ್ತಿರಲಿಲ್ಲ, ಎಳೆದು ಬಿಗಿಸಿದ ಗುರುತೂ ಇರಲಿಲ್ಲ.

ಆಮೇಲೆ ಆ ಸ್ಕ್ರೂ ಕಂಡಿತು.

ಕ್ಯಾಲಿಪರಿಗೆ ಗಾಳಿ ಬಿಡುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಮೇಲ್ಗಡೆ ಇರಬೇಕು. ಎಣ್ಣೆಯಲ್ಲಿ ಸಿಕ್ಕಿದ ಗಾಳಿ ಮೇಲಕ್ಕೇ ಏರುತ್ತದೆ, ಅಲ್ಲಿಂದಲೇ ಹೊರಗೆ ಹೋಗಬೇಕು. ಇಲ್ಲಿ ಸ್ಕ್ರೂ ಕೆಳಗಿತ್ತು. ಹಾಗಿದ್ದರೆ ಎಷ್ಟು ಎಣ್ಣೆ ಹೊರಗೆ ಬಿಟ್ಟರೂ ಗಾಳಿ ಒಳಗೇ ಉಳಿಯುತ್ತದೆ, ಪೆಡಲು ಒತ್ತಿದರೆ ಗಾಳಿಯನ್ನು ಒತ್ತಿದ ಹಾಗೆ.

ನಾನು ತೆವಳಿಕೊಂಡು ಬಲ ಗಾಲಿಗೆ ಹೋಗಿ ನೋಡಿದೆ. ಅಲ್ಲಿ ಸ್ಕ್ರೂ ಮೇಲಿತ್ತು. ಎರಡೂ ಕ್ಯಾಲಿಪರುಗಳು ಬಲಗಡೆಯವೇ. ಎಡಗಡೆಯದನ್ನು ಯಾರೋ ತೆಗೆದು, ಆ ಜಾಗಕ್ಕೆ ಇನ್ನೊಂದು ಬಲಗಡೆಯದನ್ನು ತಂದು ಕೂಡಿಸಿದ್ದರು.

ಘಾಟಿನವರೆಗಿನ ಸಪಾಟು ರಸ್ತೆಗೆ ಹಿಂದಿನ ಎರಡು ಡ್ರಮ್ಮು ಸಾಕಾಗಿದ್ದವು. ಇಳಿಜಾರಿನಲ್ಲಿ ಅವು ಕಾದು ಕೈಬಿಟ್ಟವು.

"ಕುಶಲ, ನೋಡಿದಿ?"

ಅವನು ನೋಡಿದ. ಸಿದ್ರಾಮಪ್ಪನ ತಂಗಿಯ ಮಗ ಕುಶಲ. ಹದಿನೈದು ವರ್ಷದಿಂದ ಮಾವನ ಗ್ಯಾರೇಜಿನಲ್ಲೇ ಇದ್ದಾನೆ, ಈಗ ನನ್ನ ತಪಾಸಣೆಗೆ ಜೀಪು ಎತ್ತಲು ಜ್ಯಾಕ್ ತಂದವನೂ ಅವನೇ.

"ಮಾವ ಹಿಂಗ ಮಾಡಂಗಿಲ್ರಿ ಸಾಹೇಬ್ರ."

"ನೀ?"

"ನಾನೂ ಮಾಡಂಗಿಲ್ಲ. ಗ್ಯಾರೇಜ್‌ನ್ಯಾಗ ಒಂದು ವರ್ಷ ಇದ್ದಂವಗೂ ಇದು ಗೊತ್ತಿರ್ತದ್ರಿ."

ನಿಜ. ಹಾಗಾದರೆ ಮಾಡಿದವನು ಸ್ಪ್ಯಾನರ್ ತಿರುಗಿಸಬಲ್ಲವನು, ಆದರೆ ಬ್ರೇಕಿನ ಮರ್ಮ ತಿಳಿಯದವನು. ಇಲ್ಲವೆ ಚೆನ್ನಾಗಿ ತಿಳಿದವನು. ತಿಳಿಯದೆ ಮಾಡಿದ್ದರೆ ತಪ್ಪು, ತಿಳಿದು ಮಾಡಿದ್ದರೆ ಕೊಲೆ. ಸ್ಕ್ರೂ ಕೆಳಗಿದೆ ಎಂಬುದು ಎರಡಕ್ಕೂ ಒಂದೇ ಸಾಕ್ಷಿ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಆ ಕ್ಯಾಲಿಪರನ್ನು ಹಿಡಿದಿದ್ದ ಬೋಲ್ಟಿನ ತಲೆಯ ಮೇಲೆ ಒಂದು ಗೆರೆ ಇತ್ತು. ಸಿದ್ರಾಮಪ್ಪನ ಗುರುತು ತಳೇಗಾಂವದ ಗಾಡಿಯವರಿಗೆಲ್ಲ ಗೊತ್ತು. ಯಾವ ಬೋಲ್ಟು ಬಿಗಿಸಿದರೂ ತನ್ನ ತಂಬಾಕಿನ ಡಬ್ಬಿಯ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು ಬೋಲ್ಟಿನ ತಲೆಯಿಂದ ಆಚೆಯ ಕಬ್ಬಿಣದವರೆಗೆ ಒಂದು ಗೆರೆ ಎಳೆಯುತ್ತಾನೆ. ಬೋಲ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿಯುತ್ತದೆ. ಈ ಜೀಪಿನಲ್ಲಿ ಅಂಥ ಗೆರೆಗಳು ಹತ್ತಾರು ಇದ್ದವು, ಎಲ್ಲವೂ ಬೆಳ್ಳಗೆ.

ಎಡ ಗಾಲಿಯ ಈ ಗೆರೆ ಮಾತ್ರ ಕೆಂಪಗಿತ್ತು.

ರಕ್ತವೆಂದುಕೊಂಡೆ. ಅಲ್ಲ. ಉಗುರಿನಿಂದ ಕೆರೆದು ನೋಡಿದೆ, ಒಳಗಿನ ತನಕ ಅದೇ ಬಣ್ಣ. ಅಷ್ಟರಲ್ಲಿ ಕುಶಲನ ಕೈ ಹತ್ತಿಯ ಚಿಂದಿ ಹಿಡಿದು ನನ್ನ ಮೂಗಿನ ಮುಂದೆಯೇ ಅದರ ಕಡೆಗೆ ಬಂತು. ನಾನು ಮಣಿಕಟ್ಟು ಹಿಡಿದೆ.

"ಏನ್ ಮಾಡ್ಲಿಕ್ಕತ್ತಿ?"

"ಹೊಲಸಾಗೇದಲ್ರಿ. ನಿಮಗ ಕಾಣ್ಲಿ ಅಂತ ಒರಸಾಕ ಬಂದೆ."

"ನನಗ ಕಾಣ್ತದ. ನೀ ಆ ಕಡೆ ನಿಂದ್ರು."

ಅವನು ನಿಂತ. ಸೋದರಮಾವನ ಮಗಳೆಂದು ರೇಣುವನ್ನು ಇವನಿಗೇ ಕೊಡುವ ಮಾತು ಒಂದು ಕಾಲಕ್ಕೆ ಆಗಿತ್ತೆಂದೂ, ರೇಣು ಒಲ್ಲೆನೆಂದು ಮಾಂತುವನ್ನು ಒಪ್ಪಿದಳೆಂದೂ ನನಗೆ ಮೊದಲ ದಿನವೇ ನಾಲ್ಕು ಜನ ಹೇಳಿದ್ದರು. ಊರಿನವರು ಸುಮ್ಮನೆ ಹೇಳುವುದಿಲ್ಲ. ಹೇಳಿದ್ದೆಲ್ಲ ನಿಜವೂ ಆಗಿರುವುದಿಲ್ಲ. ಆದರೂ ಆ ಚಿಂದಿಯನ್ನು ನಾನು ಅವನ ಕೈಯಿಂದ ಇಸಿದುಕೊಂಡೆ.

*

ಸಿದ್ರಾಮಪ್ಪ ಚೌಕಿಯ ಮುಂದಿನ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದ. ಫೌಜದಾರರು ಕರೆದಿರಲಿ, ಬಿಡಲಿ, ದಿನಾ ಬೆಳಿಗ್ಗೆ ಬಂದು ಕೂಡುತ್ತಿದ್ದ, ಕತ್ತಲಾಗುವ ಮುಂಚೆ ಎದ್ದು ಹೋಗುತ್ತಿದ್ದ. ಹವಾಲ್ದಾರನೇ ಮರುಗಿ ಚಹಾ ತರಿಸಿ ಕೊಟ್ಟಿದ್ದ. ಚಹಾ ಆರಿತ್ತು.

ಪಕ್ಕದಲ್ಲಿ ಕೂತು ಸ್ಕ್ರೂವಿನ ಮಾತು ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ.

"ಎಡಗಡಿ ಕ್ಯಾಲಿಪರ್ ನನ್ನ ಕೈಯಿಂದ ಕೂಡಿಸೀನ್ರಿ ಧರ್ಮಣ್ಣಾರ. ರವಿವಾರ ಸಂಜಿಕ. ಗಾಳಿ ತಗದೀನಿ, ಗುರ್ತು ಹಚ್ಚೀನಿ. ಪೆಡಲು ಕಲ್ಲಾಗಿತ್ತು. ಒತ್ತಿದ್ರ ಒಂದು ಬೆರಳಿಗಿಂತ ಕೆಳಗ ಹೋಗ್ತಿದ್ದಿಲ್ಲ."

"ಸೋಮವಾರ?"

"ಸೋಮವಾರ ನಾ ಗಾಡಿ ಮುಟ್ಟಂಗಿಲ್ಲ."

ಅದೂ ಗೊತ್ತಿದ್ದದ್ದೇ. ಅವನು ಹುಟ್ಟಿ ಬೆಳೆದ ಆಳಂದದ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಸಿದ್ರಾಮಪ್ಪ ಎತ್ತು ಬಿಟ್ಟು ನಲವತ್ತು ವರ್ಷವಾದರೂ ಆ ನೇಮವನ್ನು ಗಾಡಿಗಳಿಗೆ ಇಟ್ಟುಕೊಂಡಿದ್ದ. ಸೋಮವಾರ ಅವನ ಗ್ಯಾರೇಜಿನಲ್ಲಿ ಜ್ಯಾಕು ಏರುವುದಿಲ್ಲ. ಕಾರಖಾನೆಗಳಿಗೆಲ್ಲ ಗುರುವಾರ ಸೂಟಿಯಾದರೆ ಇವನಿಗೆ ಸೋಮವಾರ. ಗಿರಾಕಿಗಳು ಬೈದುಕೊಂಡೇ ಒಪ್ಪಿಕೊಂಡಿದ್ದರು.

"ಹಂಗಾದ್ರ ಸೋಮವಾರ ಯಾರೋ ಮುಟ್ಟ್ಯಾರ," ಎಂದೆ. "ಎಡಗಡಿ ಬಿಚ್ಚ್ಯಾರ, ಬ್ಯಾರೇದು ಕಟ್ಟ್ಯಾರ, ನಿಮ್ಮಂಗಽ ಸುಣ್ಣದ ಗೆರಿ ಎಳದಾರ. ಆದ್ರ ಗೆರಿ ಕೆಂಪಾಗೇದ."

ಅವನು ಕಣ್ಣು ತೆರೆದ.

"ಆರತಿ ತಟ್ಟಿ ನೋಡೀರಿಲ್ಲೋ," ಎಂದೆ. "ಅರಿಶಿಣದ ನೀರಿಗೆ ಸುಣ್ಣ ಬಿದ್ರ ಕೆಂಪಾಗ್ತದ. ಈ ಸುಣ್ಣ ಹಚ್ಚಿದ ಕೈಗೆ ಅರಿಶಿಣ ಇತ್ತು. ಸೋಮವತಿ ಅಮಾಸಿ ಅವತ್ತು. ಜೇಜೂರಿ ದೇವರ ಜಾತ್ರಿಯೊಳಗ ಅರಿಶಿಣದ ಭಂಡಾರ ಹಾರಿಸಿ ಬಂದ ಯಾರದೋ ಕೈ."

ನಾನು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಹೇಳಿದ ಮಾತು ಅದು. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಮುದುಕನ ಮುಖದಲ್ಲಿ ಏನೋ ಆರಿತು. ಆಶ್ಚರ್ಯವಲ್ಲ, ಗುರುತು ಸಿಕ್ಕಿದವರ ಮುಖ ಹಾಗಿರುತ್ತದೆ.

"ಅದು ನಂದಽ ಗೆರಿ," ಎಂದ.

"ಈಗಽ ಸೋಮವಾರ ಮುಟ್ಟಂಗಿಲ್ಲ ಅಂದ್ರಿ."

"ರವಿವಾರ ಹಚ್ಚಿದ್ದು."

"ರವಿವಾರ ಕೈಗೆ ಅರಿಶಿಣ ಎಲ್ಲಿಂದ ಬಂತ್ರಿ ಸಿದ್ರಾಮಪ್ಪನವರ?"

ಅವನು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲನ್ನು ಬೆಂಚಿನ ಕೆಳಗಿಟ್ಟ. ಆ ಕೈ ನೋಡಿದೆ. ಬೆರಳ ಸಂದಿನಲ್ಲೆಲ್ಲ ಹೋಗಲಾರದ ಕಪ್ಪು. ಇಂಥ ಕೈ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು ನಾನು. ಬಾಯಿ ಹೇಳುತ್ತಿತ್ತು.

ಗೇಟಿನ ಹತ್ತಿರ ಕುಶಲ ಜ್ಯಾಕನ್ನು ಸೈಕಲ್ಲಿಗೆ ಕಟ್ಟುತ್ತಿದ್ದ.

"ಸೋಮವಾರ ನಿಮ್ಮ ಓಣಿಯಿಂದ ಜೇಜೂರಿಗೆ ಯಾರ್ ಹೋಗಿದ್ರು?"

"ಹೆಣ್ಣುಮಕ್ಕಳು ಟೆಂಪೋ ಮಾಡಿಕೊಂಡು ಹೋಗಿದ್ರು."

"ರೇಣು?"

ಅವನು ಹಗ್ಗದ ಗಂಟು ಬಿಗಿಸಿದ. ಮತ್ತೆ ಬಿಚ್ಚಿದ. ಮತ್ತೆ ಬಿಗಿಸಿದ. ನಾನು ಸ್ಕೂಟರಿಗೆ ಕಿಕ್ ಹೊಡೆದೆ.

*

ರೇಣುವಿನ ಮನೆ ಗ್ಯಾರೇಜಿನ ಹಿಂದಿನ ಓಣಿಯಲ್ಲಿ, ಎರಡು ಕೋಣೆಯದು. ಗೋಡೆಗೆ ಮಾಂತುವಿನ ಫೋಟೋ ಇನ್ನೂ ಏರಿರಲಿಲ್ಲ. ಅವನ ಅಂಗಿ ಮಾತ್ರ ಮೊಳೆಗೆ ಹಾಗೇ ತೂಗುಬಿದ್ದಿತ್ತು. ನೆರೆಮನೆಯ ಬಸವಣ್ಣೆವ್ವ ಅವಳ ಮುಂದೆ ಊಟದ ತಾಟು ಇಟ್ಟು ಕಾದು ಕೂತಿದ್ದವಳು ನನ್ನನ್ನು ಕಂಡು ಎದ್ದು ಹೋದಳು.

"ಬರದ್ರೇನ್ರಿ ವರದಿ?" ರೇಣು ಕೇಳಿದಳು. ಇಪ್ಪತ್ತೇಳರ ಹುಡುಗಿ, ದನಿ ಮಾತ್ರ ಯಾವುದೋ ಮುದುಕಿಯದು.

"ಇನ್ನಾ ಇಲ್ಲ."

"ಬರೀರಿ. ನಾನಽ ಬೇಡಿದ್ದು. ಹಳೆ ಡ್ರಮ್ಮು ಘಾಟಿನ್ಯಾಗ ಹಿಡಿಯಂಗಿಲ್ಲ, ಹೊಸಾ ಬ್ರೇಕ್ ಹಾಕಿ ಕೊಡು, ನನ್ನ ಗಂಡ ದಿನಾ ಆ ದಾರಿಲೇ ಹೋಗ್ತಾನ ಅಂತ ಅಪ್ಪನ ಬೆನ್ನ ಹತ್ತಿದೆ. ಊರ ಮಂದಿ ಗಾಡಿ ಎಲ್ಲಾ ಸರಿ ಹೋದ್ವು. ಮಗಳ ಗಾಡೀನಽ ಕೆಡಿಸಿದ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ನಿಧಾನವಾಗಿ ಎಲ್ಲ ಹೇಳಿದೆ. ಎಡಗಡೆಗೆ ಬಂದ ಬಲಗಡೆಯ ಕ್ಯಾಲಿಪರು, ಕೆಳಗಿದ್ದ ಸ್ಕ್ರೂ, ರವಿವಾರ ಕಲ್ಲಾಗಿದ್ದ ಪೆಡಲು. ನಿಮ್ಮಪ್ಪನ ಕೆಲಸ ಸರಿಯಿತ್ತು, ಸೋಮವಾರ ಯಾರೋ ಬಿಚ್ಚಿದ್ದಾರೆ ಎಂದೆ. ಕಡೆಗೆ ಆ ಗೆರೆಯ ಬಣ್ಣ ಹೇಳಿದೆ.

ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು.

"ಅದು ನಾ ಹಚ್ಚಿದ್ರಿ," ಎಂದಳು.

ಆ ಕೈಯನ್ನು ಮಡಿಲಿಗೆ ಇಳಿಸಿದಳು.

"ಸಣ್ಣಾಕಿದ್ದಾಗಿಂದ ಅಪ್ಪಗ ನಾನಽ ಹಚ್ಚಿ ಕೊಡ್ತಿದ್ದೆ. ಅಂವ ಬೋಲ್ಟ್ ಬಿಗಿಯಾಂವ, ನಾ ಗೆರಿ ಎಳಿಯಾಕಿ. ದೊಡ್ಡಾಕಿ ಆದಮ್ಯಾಗ ಗ್ಯಾರೇಜಿಗೆ ಬರಬ್ಯಾಡ ಅಂದ. ಸೋಮವಾರ ಜೇಜೂರಿಯಿಂದ ಬಂದು ಟೆಂಪೋ ಇಳದೀನಿ, ಕೈ ಸೈತ ತೊಳದಿದ್ದಿಲ್ಲ. ಕರದು ಡಬ್ಬಿ ಕೊಟ್ರು. ನಿಮ್ಮಪ್ಪ ಒಂದು ಬೋಲ್ಟಿಗೆ ಗುರ್ತು ಹಚ್ಚೂದು ಮರ್ತಾನ, ಸೋಮವಾರ ಅಂವ ಮುಟ್ಟಂಗಿಲ್ಲ, ನೀ ಒಂದು ಗೆರಿ ಎಳಿ ಅಂದ್ರು. ಖುಷಿ ಆತು ನನಗ. ಭಾಳ ವರ್ಷದ ಮ್ಯಾಲೆ ಹಚ್ಚೀನಿ ಅಂತ."

"ಯಾರ್ ಕರದವ್ರು?"

ಅವಳು ಬಾಯಿ ತೆರೆದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಸೈಕಲ್ಲಿನ ಸದ್ದಾಯಿತು. ಕುಶಲ ಒಳಗೆ ಬಂದು ನನ್ನನ್ನು ನೋಡಿ ನಿಂತ. ಮುಖವೆಲ್ಲ ಬೆವರು.

"ಮಾವ ಬರದು ಕೊಟ್ಟ," ಎಂದ. "ಫೌಜದಾರ ಸಾಹೇಬ್ರು ಎರಡ ಸಲ ವಿಚಾರ ಮಾಡಿ ಹೇಳ್ರಿ ಅಂದ್ರು. ಇಲ್ಲ, ನನ್ನ ಕೈಯಿಂದಽ ತಪ್ಪಾತು, ಉಲ್ಟಾ ಕೂಡಿಸಿದೆ, ಕಣ್ಣು ಮಂಜಾಗ್ಯಾವ, ಅಂತ ಬರಿಸಿ ಸಹಿ ಹಾಕ್ಯಾನ. ಒಳಗ ಕುಂಡ್ರಿಸ್ಯಾರ."

ಮುದುಕನಿಗೆ ಕೆಂಪು ಗೆರೆಯ ಸಂಗತಿ ಹೇಳಿದವನು ನಾನು. ಜೇಜೂರಿಯಿಂದ ಬಂದ ಕೈ ಯಾರದೆಂದು ಅವನಿಗೆ ಆ ಕ್ಷಣವೇ ಹೊಳೆದಿತ್ತು. ತನ್ನ ಮೇಲೆ ದೂರು ಕೊಟ್ಟ ಮಗಳನ್ನು ಉಳಿಸಲು ನಲವತ್ತು ವರ್ಷದ ತನ್ನ ಕೈಕೆಲಸದ ಹೆಸರಿಗೆ ತಾನೇ ಮಸಿ ಬಳಿದುಕೊಂಡು ಒಳಗೆ ಹೋಗಿದ್ದ.

ರೇಣುವಿಗೂ ತಿಳಿಯಿತು. ಅವಳು ಎದ್ದಳು. ಕುಶಲನನ್ನು ದಾಟಿ ಹೋಗಿ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. ಅದಕ್ಕೆ ಬೆನ್ನು ಹಚ್ಚಿ ನಿಂತಳು.

"ಕುಶಲ ಮಾಮಾ. ಸೋಮವಾರ ನನಗ ಸುಣ್ಣದ ಡಬ್ಬಿ ಯಾಕ ಕೊಟ್ಟಿ?"

ಅವನು ನನ್ನ ಕಡೆ ನೋಡಿದ. ನಾನು ಸಹಾಯ ಮಾಡಲಿಲ್ಲ. ಇವನೇ ಎಂದು ಬೆಳಗಿನಿಂದ ನನ್ನ ಮನಸ್ಸು ಹೇಳುತ್ತಿತ್ತು, ಈಗ ಬಾಯಿಬಿಡುತ್ತಾನೆ ಎಂದುಕೊಂಡೆ.

"ಮಾಂತು ಕೊಡು ಅಂದ, ಕೊಟ್ಟೆ."

"ಸತ್ತವನ ಮ್ಯಾಲೆ ಹಾಕಬ್ಯಾಡ."

"ಹಾಕಬಾರದು ಅಂತಽ ಒಂಬತ್ತು ದಿನ ಬಾಯಿ ಮುಚ್ಚೀನಿ." ಕುಶಲ ಗೋಡೆ ಹಿಡಿದು ಕೆಳಗೆ ಕೂತ. "ಸೋಮವಾರ ಮಧ್ಯಾಹ್ನ ನಾ ಊಟ ಮಾಡಿ ಬಂದಾಗ ಅಂವ ಎಡಗಾಲಿ ಏರಿಸಿದ್ದ. ಪ್ಯಾಡ್ ಉಜ್ಜಲಿಕ್ಕತ್ತಾವ, ನೋಡಾಕತ್ತೀನಿ ಅಂದ. ಬಿಚ್ಚಿದಂವ ಅಂವ, ಕಟ್ಟಿದಂವ ಅಂವ. ಗೆರಿ ಹ್ವಾತು, ಮಾವ ನೋಡಿದ್ರ ಬೈತಾನ, ರೇಣು ಕಡಿಂದ ಹಚ್ಚಸು, ನಾ ಹೇಳಿದ್ರ ಅಕಿ ಹತ್ತು ಪ್ರಶ್ನಿ ಕೇಳ್ತಾಳ ಅಂದ. ನಾ ಕೆಳಗ ಬಗ್ಗಿ ನೋಡ್ಲಿಲ್ಲ. ಬಗ್ಗಿದ್ರ ಸ್ಕ್ರೂ ಕಾಣ್ತಿತ್ತು. ಇವತ್ತು ಸಾಹೇಬ್ರ ಟಾರ್ಚಿಗೆ ಕಂಡಿತು."

"ಅದಕ್ಕಽ ಒರಸಾಕ ಬಂದಿ?" ಎಂದೆ.

"ಅಕಿ ಗೆರಿ ಅದು. ಒರಸಬಾರದಾ?"

ಇದು ನಿಜವೋ, ಬೆಳಗಿನಿಂದ ಹೊಂದಿಸಿಕೊಂಡ ಕತೆಯೋ ನನಗೆ ತಿಳಿಯಲಿಲ್ಲ. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ.

"ಮಾಂತುಗ ಬ್ರೇಕಿನ ಕೆಲಸ ಬರ್ತಿದ್ದಿಲ್ಲ," ಎಂದಳು ರೇಣು. "ತಪ್ಪಿ ಮಾಡಿರ್ತಾನ. ತನ್ನ ಗಾಡಿ ತಾನಽ ಕೆಡಿಸ್ಕೊಂಡು ಅದರಾಗಽ ಯಾವಂವ ಕುಂಡ್ರತಾನ?"

"ಮಂಗಳವಾರ ಆ ಗಾಡಿಯೊಳಗ ಅಂವ ಕುಂಡ್ರಾಂವ ಇದ್ದಿಲ್ಲ, ರೇಣು."

ಕುಶಲ ನನ್ನ ಕಡೆ ತಿರುಗಿದ.

"ತಾ ಕೂಡಿಸಿದ ಬ್ರೇಕ್ ಮಾವ ಮೊದಲ ತಾನಽ ಘಾಟ್ ಇಳಿಸಿ ನೋಡ್ತಾನ್ರಿ ಸಾಹೇಬ್ರ. ಆಮ್ಯಾಲೆ ಗಾಡಿ ಮಂದಿ ಕೈಗೆ ಕೊಡ್ತಾನ. ಯಾರ ಗಾಡಿ ಇದ್ರೂ ಅಷ್ಟಽ. ಮಂಗಳವಾರ ಮುಂಜಾನಿ ಆ ಜೀಪ್ ನಡಸಾಂವ ಮಾವ ಇದ್ದ. ಅದು ಮಾಂತುಗ ಗೊತ್ತಿತ್ತು. ಮಾವ ಹ್ವಾದ್ರ ಗ್ಯಾರೇಜ್ ಒಬ್ಬಾಕಿ ಮಗಳಿಗೆ, ಅಂದ್ರ ತನಗಽ ಬರ್ತದ ಅನ್ನೂದೂ ಗೊತ್ತಿತ್ತು."

ಈ ಪದ್ಧತಿಯ ಮಾತು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಒಂಬತ್ತು ದಿನ ಕಬ್ಬಿಣವನ್ನೇ ಕೇಳುತ್ತ ಕೂತ ನನ್ನ ಬುದ್ಧಿಗೆ ಏನು ಹೇಳಲಿ. ನಾನು ರೇಣುವನ್ನು ನೋಡಿದೆ. ಸುಳ್ಳು ಎನ್ನುತ್ತಾಳೆ, ಕುಶಲನ ಕೆನ್ನೆಗೆ ಹೊಡೆಯುತ್ತಾಳೆ ಎಂದು ಕಾದೆ.

ಅವಳ ಬೆನ್ನು ಬಾಗಿಲನ್ನು ಸವರುತ್ತ ಕೆಳಗೆ ಜಾರಿತು.

"ಮಂಗಳವಾರ ಮುಂಜಾನಿ ಅಪ್ಪಗ ಜ್ವರ ಬಂದಿತ್ತು," ಎಂದಳು. ನಮಗಲ್ಲ, ಮೊಳೆಗೆ ತೂಗಿದ್ದ ಅಂಗಿಗೆ ಹೇಳುವಂತಿತ್ತು. "ಎದ್ದು ಹೊಂಟಿದ್ದ, ನಾನಽ ಕೌದಿ ಹೊಚ್ಚಿ ಮಲಗಿಸಿದೆ. ನೀ ಹೋಗಿ ಘಾಟ್ ಇಳಿಸಿ ನೋಡಿ ಬಾ ಅಂತ ಮಾಂತುಗ ಹೇಳಿದೆ. ಒಲ್ಲೆ ಅಂದ. ನಾಳಿಗಿ ಹೋದ್ರಾತು ಅಂದ. ಬೈದೆ. ಮತ್ತ ಒಲ್ಲೆ ಅಂದ. ಮಾರಿ ಬೆಳ್ಳಗಾಗಿತ್ತು ಅವಂದು, ಉಪವಾಸ ಇದ್ದಾನ ಅಂತ ತಿಳದೆ. ಏನರೆ ಅದ ಏನು, ಹೇಳು ಅಂದೆ. ಏನೂ ಇಲ್ಲ ಅಂದ. ಮೂರನೇ ಸಲ ಒಲ್ಲೆ ಅಂದಾಗ ಕೀಲಿಕೈ ಅವನ ಅಂಗೈಯಾಗ ಇಟ್ಟು ಮುಚ್ಚಿದೆ."

ಅವಳು ನನ್ನ ಮುಖ ನೋಡಿದಳು.

"ನನ್ನ ಅಪ್ಪನ ಕೈ ಕೆಲಸ ಅದು, ನಿನಗೇನಾಗ್ತದ, ಹೋಗು, ಅಂದೆ."